ಲೆನ್ಸಿನ ಕೆಳಗಿನ ಗಂಟು

ನಮ್ಮ ಕೇರಿಯ ಭಾಸ್ಕರ ತನ್ನ ತಂಗಿ ಕಲ್ಪನಾಳ ಫೋಟೋವನ್ನು ಹೊನ್ನಾವರದ ಗಂಡಿನ ಮನೆಗೆ ಕಳಿಸಿದ್ದು ದೀಪಾವಳಿ ಕಳೆದ ಮೇಲೆ. ಅದನ್ನು ನೋಡಿದ ಗಂಡಿನ ಅಪ್ಪ ಈರಪ್ಪನವರು ಹೇಳಿ ಕಳಿಸಿದ್ದು ಹೀಗೆ: “ಹುಡುಗಿ ಮುಖದಲ್ಲಿ ಎಂತ ಮುಚ್ಚಿಡ್ತ ಇದ್ದೀರಿ?”

ಮುಚ್ಚಿಡುವಂಥದ್ದು ಆ ಮುಖದಲ್ಲಿ ಏನೂ ಇರಲಿಲ್ಲ. ಕಲ್ಪನಾಳನ್ನು ತೊಟ್ಟಿಲಲ್ಲಿದ್ದಾಗಿನಿಂದ ನೋಡಿದವಳು ನಾನು. ದೇವರು ಎಲ್ಲರಿಗೂ ಕೊಡುವಷ್ಟೇ ಕಣ್ಣು, ಎಲ್ಲರಿಗೂ ಕೊಡುವಷ್ಟೇ ಮೂಗು ಅವಳಿಗೂ ಕೊಟ್ಟಿದ್ದಾನೆ. ಫೋಟೋದಲ್ಲಿ ಮಾತ್ರ ಅವೆಲ್ಲ ಎರಡರಷ್ಟಾಗಿದ್ದವು. ಹಿಂದಿನ ತೆಂಗಿನ ಮರಕ್ಕೆ ಎರಡು ತಲೆ. ಪಕ್ಕದ ದಾಸವಾಳದ ಗಿಡ ಕೆಂಪು ಹೊಗೆಯಾಗಿತ್ತು. ಹುಡುಗಿ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಓಡುತ್ತಿದ್ದಾಳೋ ಹೇಳುವ ಹಾಗಿರಲಿಲ್ಲ.

ಇದಕ್ಕೆಲ್ಲ ಕಾರಣ ಭಾಸ್ಕರನ ಹೊಸ ಲೆನ್ಸು.

ಭಾಸ್ಕರನದು ಶಿರಾಲಿ ಪೇಟೆಯಲ್ಲಿ, ಹೈವೇ ಬದಿಗೆ, ಒಂದು ವಾಚು ರಿಪೇರಿ ಅಂಗಡಿ. ಕೀಲಿ ಕೊಡುವ ವಾಚು ಹೋಗಿ ಸೆಲ್ಲಿನ ವಾಚು ಬಂದ ಮೇಲೆ, ಬರುವವರು ಸೆಲ್ಲು ಹಾಕಿಸಿಕೊಂಡು, ಅವನ ಗೋಡೆಯ ಗಡಿಯಾರ ನೋಡಿ ಟೈಮು ಸರಿ ಮಾಡಿಕೊಂಡು ಹೋಗುತ್ತಿದ್ದರು. ಉಳಿದ ಹೊತ್ತಿಗೆ ಅವನಿಗೆ ಕ್ಯಾಮೆರಾದ ಹುಚ್ಚು ಹತ್ತಿತು. ಭಟ್ಕಳದ ಒಂದು ಫಾರಿನ್ ಸಾಮಾನಿನ ಅಂಗಡಿಗೆ ಹೋಗಿ ತನ್ನ ಹಳೆಯ ಗಿಡ್ಡ ಲೆನ್ಸನ್ನು ಕೊಟ್ಟು, ಮೇಲಿಂದ ಕೈಯಲ್ಲಿದ್ದದ್ದನ್ನೂ ಕೊಟ್ಟು, ಒಂದು ಉದ್ದದ ಜೂಮ್ ಲೆನ್ಸು ತಂದ. ಬಾಳೆದಿಂಡಿನ ತುಂಡಿನ ಹಾಗಿತ್ತು. ತಿರುಗಿಸಿ ಎಳೆದರೆ ಇನ್ನೂ ಉದ್ದವಾಗುತ್ತಿತ್ತು. ಸಿಕ್ಕಿಸಿ ಹಿಡಿದರೆ ಕ್ಯಾಮೆರಾವೇ ಲೆನ್ಸಿಗೆ ಕಚ್ಚಿಕೊಂಡ ಉಣ್ಣಿಯಂತೆ ಕಾಣುತ್ತಿತ್ತು.

“ಇದು ನೂರರಿಂದ ಮುನ್ನೂರು,” ಎಂದು ನೋಡಲು ಬಂದವರಿಗೆಲ್ಲ ಹೇಳಿದ.

“ಎಂತ ಮುನ್ನೂರು?” ಎಂದು ಕೇಳಿದವನು ಪಕ್ಕದ ಮನೆಯ ಬೀರಪ್ಪ.

ಅದು ಭಾಸ್ಕರನಿಗೂ ಸರಿಯಾಗಿ ತಿಳಿದಿರಲಿಲ್ಲ. “ಮುನ್ನೂರು ಅಂದ್ರೆ ಮುನ್ನೂರು, ಬೀರಣ್ಣ. ಹೊಳೆ ಆಚೆ ಇದ್ದವ ಹೊಳೆ ಈಚೆ ಬಂದಂಗೆ ಕಾಣ್ತಾನೆ.”

ಬೀರಪ್ಪ ಅಲ್ಲಿಂದ ನೆಟ್ಟಗೆ ನನ್ನ ಜಗಲಿಗೆ ಬಂದು ಕುಳಿತ. “ಮುನ್ನೂರು ಎಂತದ್ದು ಅಂತ ಅಂವ ಹೇಳೂದಿಲ್ಲ, ಹೊನ್ನಕ್ಕ. ಹೇಳೂದಿಲ್ಲ ಅಂದ್ರೆ ಎಂತೋ ಇದೆ.”

ಅವನ ಸ್ವಭಾವವೇ ಹಾಗೆ. ಮಳೆ ಬಂದರೆ ಯಾಕೆ ಬಂತು ಎನ್ನುವವರು ಇದ್ದಾರೆ. ಬೀರಪ್ಪ ಮಳೆ ನಿಂತಾಗ ಯಾಕೆ ನಿಂತಿತು ಎಂದು ಆಕಾಶ ನೋಡುವವನು.

ವಾಚಿನ ಹಲ್ಲುಚಕ್ರ ಕೂರಿಸುವ ತನ್ನ ಕೈ ಅಲುಗುವುದಿಲ್ಲ ಎಂಬುದು ಭಾಸ್ಕರನ ಬಡಾಯಿ. ಮೊದಲ ರೋಲು ತೊಳೆದು ಬಂದಾಗ ಆ ಬಡಾಯಿಯ ಗತಿ ಎಲ್ಲರಿಗೂ ಕಂಡಿತು. ಗದ್ದೆಯ ಒಂದು ಕೊಕ್ಕರೆ ಸಂಸಾರಸಮೇತ ನಿಂತಿತ್ತು. ಭಾಸ್ಕರನ ಹೆಂಡತಿ ಮಾಲತಿ ತನಗೆ ತಾನೇ ತನ್ನ ಅಕ್ಕನ ಹಾಗೆ ಕಂಡಳು. ಆ ರೋಲಿನಲ್ಲಿ ಒಬ್ಬರೂ ಒಬ್ಬರೇ ಇರಲಿಲ್ಲ. ಅದರಲ್ಲೇ ಸ್ವಲ್ಪ ಕಡಿಮೆ ಅಲುಗಿದ್ದನ್ನು ಆರಿಸಿ ಹೊನ್ನಾವರಕ್ಕೆ ಕಳಿಸಿದ್ದ.

ಈರಪ್ಪನವರು ಹೇಳಿ ಕಳಿಸಿದ್ದು ಅಷ್ಟಕ್ಕೇ ಮುಗಿದಿರಲಿಲ್ಲ. “ಬರೂ ಆಯ್ತಾರ ಬಿಟ್ಟು ಅದರಾಚೆ ಆಯ್ತಾರ ನಾವೇ ಬಂದು ಕಾಣ್ತೇವೆ. ಕೇರಿಯಲ್ಲೂ ನಾಕು ಮನೆ ವಿಚಾರಿಸ್ತೇವೆ. ಎಲ್ಲ ಸರಿ ಕಂಡ್ರೆ ಎಲೆ-ಅಡಿಕೆ ಬದಲಿಸಿ, ಉಂಡೇ ಹೋಗೂದು. ಸರಿ ಕಾಣದಿದ್ರೆ ನೀರೂ ಬೇಡ.”

ಕಲ್ಪನಾಳಿಗೆ ಈ ಸಂಬಂಧ ಮನಸ್ಸಿಗೆ ಬಂದಿತ್ತು. ಹುಡುಗ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವ. ಮಾತು ಕಡಿಮೆ. ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಅವಳ ಕೊಡೆ ಗಾಳಿಗೆ ಉಲ್ಟಾ ಆದಾಗ ಸರಿ ಮಾಡಿಕೊಟ್ಟವನು ಇವನೇ ಎಂದು ನನಗೆ ಒಬ್ಬಳಿಗೆ ಹೇಳಿದ್ದಳು. “ಅಣ್ಣ ಇದನ್ನ ಹಾಳು ಮಾಡಿದ್ರೆ ನಾನು ಅವನ ಹತ್ರ ಮಾತಾಡೂದಿಲ್ಲ, ಹೊನ್ನತ್ತೆ,” ಎಂದೂ ಹೇಳಿದ್ದಳು.

ಬೇರೆಯವರಾಗಿದ್ದರೆ ಹುಡುಗಿಯನ್ನು ಪೇಟೆಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಬೇರೆ ಫೋಟೋ ತೆಗೆಸಿ ಕಳಿಸುತ್ತಿದ್ದರು. ಭಾಸ್ಕರ ಹಾಗೆ ಮಾಡಲಿಲ್ಲ. ಈಗ ಇದು ಲೆನ್ಸಿನ ಮರ್ಯಾದೆಯ ಪ್ರಶ್ನೆ ಎಂದ. ಈರಪ್ಪನವರನ್ನು ಎದುರಿಗೆ ಕೂರಿಸಿಯೇ ತೆಗೆದು ತೋರಿಸುತ್ತೇನೆ ಎಂದ. ಮರುದಿನ ಅಂಗಡಿಗೆ ಬೀಗ ಹಾಕಿ, ಹೊನ್ನಾವರದಲ್ಲಿ ಫೋಟೋ ತೊಳೆಯುವ ಶ್ರೀಕೃಷ್ಣನ ಹತ್ತಿರ ಹೋದ.

ಶ್ರೀಕೃಷ್ಣ ರೋಲನ್ನು ಬೆಳಕಿಗೆ ಹಿಡಿದು ನೋಡಿ, ನಗಬಾರದೆಂದು ಸ್ವಲ್ಪ ಹೊತ್ತು ಗೋಡೆ ನೋಡಿದನಂತೆ.

“ಭಾಸ್ಕರಣ್ಣ, ದೂರದ್ದು ದೊಡ್ಡದಾಗಿ ಕಾಣ್ತದೆ ಅಂದ್ರೆ ನಿಮ್ಮ ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣ್ತದೆ. ಮುನ್ನೂರಕ್ಕೆ ಎಳೆದ್ರೆ ಶಟರ್ ಐನೂರಕ್ಕೆ ಇರ್ಬೇಕು. ಅಷ್ಟು ಬೆಳಕು ಇಲ್ಲದಿದ್ರೆ ಮೂರು ಕಾಲಿನ ಸ್ಟ್ಯಾಂಡು.”

“ಸ್ಟ್ಯಾಂಡು ಇದೆ. ಗಾಳಿಗೆ ಅದೂ ನಡುಗ್ತದೆ.”

“ಅದರ ಹೊಟ್ಟೆ ಕೆಳಗೆ ಕೊಕ್ಕೆ ಇರ್ತದೆ ಕಾಣಿ. ಅಲ್ಲಿ ಎಂತಾದ್ರೂ ಭಾರ ತೂಗಿಸಿ. ಬಟನ್ ಒತ್ತುವಾಗ್ಲೂ ಅಲುಗ್ತದೆ. ಅದ್ಕೆ ಟೈಮರ್ ಇಟ್ಟು ಹಿಂದೆ ಸರೀರಿ. ಉಸಿರು ಬಿಗಿ ಹಿಡೀರಿ. ಕೈ ಅಂತೂ ಕ್ಯಾಮೆರಾಕ್ಕೆ ತಾಗಲೇಬಾರ್ದು. ಮೊದ್ಲು ಒಂದು ಹಕ್ಕಿ ಹಿಡ್ಕಳಿ. ಅದರ ಗರಿ ಎಣಿಸುವಂಗೆ ಬಂದ್ರೆ ಆಮೇಲೆ ಮನುಷ್ಯರು.”

ಟೈಮರ್ ಇಟ್ಟವನು ಹಿಂದೆ ಸರಿದು ಉಸಿರು ಹಿಡಿಯುವುದು ಯಾಕೆ ಎಂದು ನೀವು ಕೇಳಬಹುದು. ಭಾಸ್ಕರ ಕೇಳಲಿಲ್ಲ. ಹೇಳಿದ್ದನ್ನೆಲ್ಲ ಒಟ್ಟಿಗೇ ಮಾಡುವುದು ಅವನ ಕ್ರಮ.

ಬೀರಪ್ಪನ ಹಿತ್ತಿಲಲ್ಲಿ ಒಂದು ಭಾರೀ ಕಾಟು ಮಾವಿನ ಮರ. ಅದರ ತುದಿಯಲ್ಲಿ ಕಡಲ ಹದ್ದು ಗೂಡು ಕಟ್ಟುತ್ತಿತ್ತು. ಭಾಸ್ಕರ ಅದನ್ನೇ ಗುರಿ ಮಾಡಿಕೊಂಡ. ಗದ್ದೆ ಕೊಯ್ಲಾಗಿ ಬಯಲಾಗಿತ್ತು. ಬದುವಿನ ಹಾಳಿಯ ಮೇಲೆ ಸ್ಟ್ಯಾಂಡು ಊರಿದ. ಭಾರಕ್ಕೆ ಮೊದಲು ಚೀಲದಲ್ಲಿ ಮಣ್ಣು ತುಂಬಿದರೆ ಹೊಲಿಗೆಯಲ್ಲಿ ಸೋರಿ ಹೋಯಿತು.

“ಮಣ್ಣು ಹೊತ್ಕಂಡು ತಿರುಗೂದು ಎಂತಕೆ,” ಎಂದಳು ಮಾಲತಿ. “ಒಂದು ಕಾಯಿ ಹಾಕಿ. ಸಂಜೆಗೆ ಸಾರಿಗೂ ಆತದೆ.”

ಕಾಯಿ ಒಂದೇ ಹಾಕಿದರೆ ಗಾಳಿಗೆ ತೊನೆದಾಡುತ್ತದೆಂದು ಅವಳೇ ಸುತ್ತ ಅಕ್ಕಿ ತುಂಬಿ, ದಿಂಬಿಗೆ ಹೊಲಿಸಿ ಮಿಕ್ಕಿದ್ದ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ಭಾಸ್ಕರ ಅದನ್ನು ಕೊಕ್ಕೆಗೆ ತೂಗಿಸಿದ. ಲೆನ್ಸನ್ನು ಬೀರಪ್ಪನ ಹಿತ್ತಿಲ ಕಡೆ ತಿರುಗಿಸಿದ. ಟೈಮರ್ ಒತ್ತಿದ. ಹಿಂದೆ ಸರಿದ. ಕೈ ತಪ್ಪಿಯೂ ತಾಗಬಾರದೆಂದು ಎರಡೂ ಕೈ ಎದೆಗೆ ಜೋಡಿಸಿಕೊಂಡ. ಕಣ್ಣು ಮುಚ್ಚಿ ಉಸಿರು ಬಿಗಿ ಹಿಡಿದ. ಕ್ಯಾಮೆರಾ ಕಿರ್ರ್ ಎನ್ನುತ್ತಿದ್ದರೆ ತುಟಿಯಲ್ಲೇ ಸೆಕೆಂಡು ಎಣಿಸಿದ.

ಇಲ್ಲಿ ನಮ್ಮ ಕೇರಿಯ ಒಂದು ಕಟ್ಟಳೆ ಹೇಳಬೇಕು. ಮನೆಯಲ್ಲಿ ಏನಾದರೂ ಕಳವಾಗಿ, ಕದ್ದವರು ಯಾರೆಂದು ತಿಳಿಯದಿದ್ದರೆ ನಮ್ಮಲ್ಲಿ ಯಾರೂ ಪೋಲೀಸರ ಹತ್ತಿರ ಹೋಗುವುದಿಲ್ಲ. ಒಂದು ಕಾಯಿ, ಒಂದಿಷ್ಟು ಅಕ್ಕಿ, ಕೆಂಪು ಬಟ್ಟೆಯಲ್ಲಿ ಕಟ್ಟಿ, ಅನುಮಾನ ಇದ್ದ ಮನೆಯ ದಿಕ್ಕಿಗೆ ತೂಗಿಸಿ, ಕೈಮುಗಿದು ಜಟ್ಟಿಗ ದೇವರಿಗೆ ದೂರು ಹೇಳುವುದು. ಇದಕ್ಕೆ ಹುಯಿಲು ಎನ್ನುತ್ತಾರೆ. ತಪ್ಪು ಮಾಡಿದವನು ಗಂಟು ಇಳಿಯುವುದರೊಳಗೆ ಸರಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನದು ಜಟ್ಟಿಗನಿಗೆ ಬಿಟ್ಟದ್ದು. ಜಟ್ಟಿಗನ ಕಟ್ಟೆಯಲ್ಲಿ ಹುಯಿಲು ಇಳಿಸುವವರೆಗೆ ಅದನ್ನು ಇಟ್ಟವನ ಮನೆಯಲ್ಲಿ ಕೇರಿಯವರು ಯಾರೂ ಎಲೆಯ ಮುಂದೆ ಕೂರುವುದಿಲ್ಲ.

ಇಡೀ ಶಿರಾಲಿಗೆ ಇದು ಗೊತ್ತು. ಆ ಹೊತ್ತಿನಲ್ಲಿ ನೆನಪಾಗದೇ ಇದ್ದವರು ಇಬ್ಬರೇ, ಗಂಟು ಕಟ್ಟಿದವಳು ಮತ್ತು ಅದನ್ನು ತೂಗಿಸಿದವನು. ಒಬ್ಬಳಿಗೆ ಸಾರಿನ ಚಿಂತೆ, ಇನ್ನೊಬ್ಬನಿಗೆ ಶಟರಿನ ಚಿಂತೆ.

ಮಧ್ಯಾಹ್ನದ ಒಳಗೆ ಬೀರಪ್ಪ ನನ್ನ ಜಗಲಿಯಲ್ಲಿದ್ದ. ಎಲೆ ಬಾಯಿಗೆ ಹಾಕಿಕೊಂಡಿದ್ದ, ಅಗಿಯುತ್ತಿರಲಿಲ್ಲ.

“ಹೊನ್ನಕ್ಕ, ಭಾಸ್ಕರ ಎಂತ ಕಳಕಂಡಿದ್ದಾನೆ?”

“ನಂಗೆ ಗೊತ್ತಿಲ್ಲ. ಎಂತಕೆ?”

“ನಮ್ಮ ಮನೆ ಬದಿಗೆ ಗಂಟು ತೂಗ್ಸಿದ್ದಾನೆ. ಮುನ್ನೂರರದ್ದು ಬೇರೆ ಮೇಲೆ ಇಟ್ಟಿದ್ದಾನೆ. ಸಾದಾ ಹುಯ್ಲಲ್ಲ ಇದು.” ದನಿ ತಗ್ಗಿಸಿದ. “ಬೇಲಿ ಮಾತು ಎಂತಾದ್ರೂ ಎತ್ತಿದ್ನಾ?”

“ಬೇಲಿಯದ್ದು ಎಂತ ಇದೆ?”

“ಎಂತ ಇಲ್ಲ. ಸುಮ್ನೆ ಕೇಳ್ದೆ,” ಎಂದು ಎದ್ದು ಹೋದ.

ಮರುದಿನ ಬೆಳಿಗ್ಗೆ ಭಾಸ್ಕರನ ಹಿತ್ತಿಲಿಗೂ ಬೀರಪ್ಪನ ಹಿತ್ತಿಲಿಗೂ ನಡುವಿನ ಬೇಲಿಯ ಗೂಟಗಳನ್ನೆಲ್ಲ ಬೀರಪ್ಪ ಕೀಳುತ್ತಿದ್ದ. “ಗೆದ್ದಲು ಹಿಡ್ದದೆ, ಹೊಸ ಗೂಟ ಹಾಕ್ತೆ,” ಎಂದ ಕೇಳದೇ ಇದ್ದವರಿಗೂ. ಹೊಸ ಗೂಟ ಊರಿದಾಗ ಬೇಲಿ ಒಂದು ಮಾರು ಬೀರಪ್ಪನ ಕಡೆಗೆ ಹೋಗಿತ್ತು. ಗೆದ್ದಲಿಗೆ ಹೆದರಿ ಹಿಂದೆ ಸರಿಯುವ ಬೇಲಿಯನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ನಾಗಿ. ನಾಗಿ ನಮ್ಮ ಕೇರಿಗೆ ಮೀನು ತರುವವಳು. ಭಾಸ್ಕರನ ಮನೆಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಮಾಲತಿ ಕೇಳಿದ್ದಕ್ಕಿಂತ ಒಂದು ಬೊಗಸೆ ಹೆಚ್ಚು ಬಂಗಡೆ ಹಾಕಿದಳು.

“ಇದು ಇವತ್ತಿಂದೇ, ತಂಗಿ. ಮುಟ್ಟಿ ಕಾಣು.”

“ಹಂಗಾದ್ರೆ ದಿನಾ ಕೊಡೂದು ಎಂದಿಂದು?”

ನಾಗಿ ಗದ್ದೆಯ ಕಡೆ ನೋಡಿದಳು. ಭಾಸ್ಕರ ಕೈ ಜೋಡಿಸಿ ಕಣ್ಣು ಮುಚ್ಚಿ ನಿಂತಿದ್ದ. “ಹಿಂದಿಂದು ಎಲ್ಲ ಬಿಡು ತಂಗಿ. ಇವತ್ತಿಂದ ಮೇಲಿಂದೂ ಅಡಿದೂ ಒಂದೇ,” ಎಂದು ಇನ್ನೊಂದು ಬಂಗಡೆ ಹಾಕಿ ಬುಟ್ಟಿ ಎತ್ತಿದಳು.

ಎಲ್ಲಕ್ಕಿಂತ ದೊಡ್ಡದು ನೀರಿನದು. ಕೇರಿಯ ನಲ್ಲಿಗೆ ನೀರು ಬಿಡುವವನು ವೆಂಕಟ. ಅವನು ವಾಲ್ವ್ ತಿರುಗಿಸಿದರೆ ನಮ್ಮ ನಲ್ಲಿಯಲ್ಲಿ ಗಾಳಿ ಬರುತ್ತಿತ್ತು, ಮೇಲಿನ ಕೇರಿಯ ಅವನ ಅತ್ತೆಯ ಮನೆಯಲ್ಲಿ ಬಾಳೆಗಿಡಕ್ಕೂ ನೀರು ಹೋಗುತ್ತಿತ್ತು. ಪೈಪು ಹಳತು, ನೀರು ಹತ್ತುವುದಿಲ್ಲ ಎಂದು ಹೇಳುತ್ತಾ ಬಂದಿದ್ದ. ಮೇಲಿನ ಕೇರಿಗೆ ಹತ್ತುವ ನೀರು ಕೆಳಗಿನ ಕೇರಿಗೆ ಇಳಿಯದೇ ಇರುವುದು ಹೇಗೆ ಎಂದು ಕೇಳುವಷ್ಟು ಧೈರ್ಯ ನಮಗಾರಿಗೂ ಇರಲಿಲ್ಲ. ಅವನು ಸೈಕಲ್ಲಿನಲ್ಲಿ ಬಂದವನು ಗಂಟು ಕಂಡು ಇಳಿದ.

“ಯಾರ ಮೇಲೆ, ಭಾಸ್ಕರಣ್ಣ?”

ಭಾಸ್ಕರ ಉಸಿರು ಹಿಡಿದಿದ್ದ.

“ನನ್ನ ಮೇಲೆ ಅಲ್ಲ, ಅಲ್ದಾ?”

ಕ್ಯಾಮೆರಾ ಕಿರ್ರ್ ಎಂದು ಟಕ್ ಎಂದಿತು. ಭಾಸ್ಕರ ಬುಸ್ಸೆಂದು ಉಸಿರು ಬಿಟ್ಟು ಕಣ್ಣು ತೆರೆದ. “ಇವತ್ತು ಗಾಳಿ, ವೆಂಕಟ. ಮುಖ ಸರಿ ಸಿಗ್ತಾ ಇಲ್ಲ. ನಾಳೆ ನಾಡಿದ್ದರಲ್ಲಿ ಸ್ಪಷ್ಟ ಆತದೆ,” ಎಂದ, ಹದ್ದಿನ ಗೂಡನ್ನೇ ನೋಡುತ್ತಾ.

ಅಂದು ಸಂಜೆ ನಮ್ಮ ನಲ್ಲಿಯಲ್ಲಿ ನೀರು ಬಂತು. ಮರುದಿನವೂ ಬಂತು. ನಿಲ್ಲಿಸುವವರಿಲ್ಲದೆ ಬಂತು. ಹೆಂಗಸರು ಇದ್ದ ಕೊಡ, ಹಂಡೆ, ಬೋಗುಣಿ ಎಲ್ಲ ತುಂಬಿಸಿ, ಇನ್ನೇನು ಮಾಡುವುದು ತಿಳಿಯದೆ ಕಂಬಳಿ ಒಗೆದರು.

ಭಾಸ್ಕರನಿಗೆ ಇದರ ಪೈಕಿ ಒಂದೂ ತಲೆಗೆ ಹೋಗಲಿಲ್ಲ. ಮೂವತ್ತಾರು ಫೋಟೋದ ರೋಲು ಮುಗಿಯದೆ ತೊಳೆಸುವಂತಿಲ್ಲ, ತೊಳೆಸದೆ ಏನು ಬಂದಿದೆ ಎಂದು ತಿಳಿಯುವಂತಿಲ್ಲ. ಅವನು ಹದ್ದಿಗೆ ಕಾದ. ಹದ್ದು ಅವನನ್ನು ನೋಡಿ ಕಾದು ಕುಳಿತಿತು. ಕೇರಿ ಇಬ್ಬರನ್ನೂ ನೋಡಿ ಕಾಯಿತು. ಗಂಟು ದಿನವೂ ತೂಗಿತು, ಯಾಕೆಂದರೆ ಬಂಗಡೆ ಬರುತ್ತಿದ್ದ ಮನೆಯಲ್ಲಿ ಕಾಯಿಸಾರಿನ ಮಾತೇ ಇರಲಿಲ್ಲ.

ಕೊನೆಗೆ ನಾನೇ ಹೋಗಿ ಕೇಳಿದೆ. “ಭಾಸ್ಕರಾ, ಇದು ಹುಯ್ಲಾ?”

“ಯಾವುದು?”

“ಈ ಗಂಟು.”

ಅವನು ಬಗ್ಗಿ ಗಂಟನ್ನು ನೋಡಿದ. ಮೊದಲ ಬಾರಿಗೆ ನೋಡಿದವನಂತೆ ನೋಡಿದ. ಮುಖದ ಬಣ್ಣ ಇಳಿಯಿತು. “ಇಲ್ಲ, ಹೊನ್ನತ್ತೆ. ಇದು ಭಾರಕ್ಕೆ. ಶ್ರೀಕೃಷ್ಣ ಹೇಳಿದ್ದು.”

ಒಳಗಿಂದ ಮಾಲತಿಯೂ ಬಂದಳು. ನಾನು ಬೇಲಿಯದ್ದು, ನಾಗಿಯದ್ದು, ವೆಂಕಟನದ್ದು ಎಲ್ಲ ಹೇಳಿದೆ. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಕೇಳಿ ಮುಗಿದ ಮೇಲೆ ಕೈ ತೆಗೆದು, “ಇರ್ಲಿ ಬಿಡಿ, ಶನಿವಾರದ ತನಕ ಇರ್ಲಿ. ಬಚ್ಚಲ ಹಂಡೆ ಇನ್ನೂ ತೊಳೆಯೂದಿದೆ,” ಎಂದಳು.

“ನೆಂಟ್ರು ಬತ್ತಾರೆ ಮಾರಾಯ್ತಿ,” ಎಂದ ಭಾಸ್ಕರ.

“ನೆಂಟ್ರಿಗೂ ನೀರು ಬೇಕಲ್ಲ.”

ಆದರೆ ಶನಿವಾರ ಕೇರಿಗೆ ಊಟಕ್ಕೆ ಹೇಳಲು ಹೊರಟ ಮಾಲತಿ ಮುಖ ಸಪ್ಪೆ ಮಾಡಿಕೊಂಡು ಮರಳಿದಳು. ಮೊದಲ ಮನೆಯಲ್ಲಿ ಉಪವಾಸ. ಎರಡನೇ ಮನೆಯಲ್ಲಿ ಹೊಟ್ಟೆ ಸರಿಯಿಲ್ಲ. ಬೀರಪ್ಪನ ಹೆಂಡತಿ, ಯಜಮಾನರಿಗೆ ಕಾಲು ಉಳುಕಿದೆ ಎಂದಳಂತೆ. ಬೀರಪ್ಪ ಅದೇ ಹೊತ್ತಿಗೆ ತೆಂಗಿನ ಮರದ ಮೇಲಿದ್ದ. ಯಾರೂ ಬರುವುದಿಲ್ಲ ಎನ್ನಲಿಲ್ಲ. ಬರುತ್ತೇವೆ ಎಂದೂ ಹೇಳಲಿಲ್ಲ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕಲ್ಪನಾ ಅಣ್ಣನನ್ನು ನೋಡಿದಳು. “ನಾಳೆ ಅವ್ರು ಬಂದಾಗ ಕೇರಿಯವ್ರು ಒಬ್ರೂ ಎಲೆ ಮುಂದೆ ಕೂರ್ಲಿಲ್ಲ ಅಂದ್ರೆ ಎಂತ ತಿಳ್ಕಳ್ತಾರೆ, ಅಣ್ಣ?”

ಭಾಸ್ಕರ ಗಂಟನ್ನು ಬಿಚ್ಚಿ ತಂದ. ಅದಕ್ಕೂ ಕೇರಿ ಒಪ್ಪಲಿಲ್ಲ. ತೂಗಿಸಿದ ಹುಯಿಲನ್ನು ತನ್ನಷ್ಟಕ್ಕೆ ಬಿಚ್ಚಿಕೊಂಡು ಮನೆಗೆ ಒಯ್ದವನನ್ನು ಯಾರೂ ಕಂಡಿರಲಿಲ್ಲ. ಬೇರೆ ಕಡೆ ಇನ್ನೂ ಬಲವಾಗಿ ಕಟ್ಟಲು ಒಯ್ದಿದ್ದಾನೆ ಎಂದು ಬೀರಪ್ಪ ಮರದ ಮೇಲಿಂದಲೇ ಸಾರಿದ. ಅದು ಹುಯಿಲೇ ಅಲ್ಲ, ಭಾರಕ್ಕೆ ತೂಗಿಸಿದ್ದು ಎಂದು ನಾನು ಮನೆಮನೆಗೆ ಹೇಳಿ ಬಂದೆ. ನನ್ನನ್ನು ಕೂರಿಸಿ ಚಾ ಕೊಟ್ಟು, “ನಿಮ್ಮ ನಲ್ಲಿಗೂ ನೀರು ಜೋರು ಬತ್ತದೆಯಲ್ಲ, ಹೊನ್ನಕ್ಕ,” ಎಂದರು.

ಹಾಗಾಗಿ ಸಂಜೆ ಎಲ್ಲರೂ ಜಟ್ಟಿಗನ ಕಟ್ಟೆಗೆ ಹೋದೆವು. ಕೇರಿಯವರು ತಮಗೆ ಸಂಬಂಧ ಇಲ್ಲದವರಂತೆ ದೂರದಲ್ಲಿ ನಿಂತರು. ಪೂಜೆಯ ಕುಪ್ಪಜ್ಜನಿಗೆ ಕಿವಿ ಚುರುಕು, ಅವಸರ ಎಂಬುದು ಇಲ್ಲ. ಭಾಸ್ಕರ ಹೇಳಿದ್ದನ್ನೆಲ್ಲ ಕೇಳಿ ತಲೆ ಅಲ್ಲಾಡಿಸಿದ.

“ಇಡದೇ ಇದ್ದ ಹುಯ್ಲು ಇಳಿಸೂಕೆ ಬತ್ತದಾ, ತಮಾ?”

“ಹಂಗಾದ್ರೆ ಎಂತ ಮಾಡೂದು, ಕುಪ್ಪಜ್ಜ?”

“ಮೊದ್ಲು ಇಡ್ಬೇಕು. ಆಮೇಲೆ ಇಳಿಸ್ಬೇಕು. ಯಾರ ಮೇಲೆ ಇಡ್ತೆ, ಹೇಳು.”

“ಯಾರ ಮೇಲೂ ಇಲ್ಲ.”

“ಯಾರ ಮೇಲೂ ಇಲ್ಲ ಅಂದ್ರೆ ಎಲ್ಲರ ಮೇಲೂ ಆತದೆ.”

ದೂರದಲ್ಲಿ ನಿಂತವರು ಎರಡು ಹೆಜ್ಜೆ ಇನ್ನೂ ದೂರ ಹೋದರು. ಆದರೂ ಯಾರ ಕಿವಿಯೂ ಹಿಂದೆ ಹೋಗಲಿಲ್ಲ. ಭಾಸ್ಕರ ಬೆವರು ಒರೆಸಿಕೊಂಡ. ಕೇರಿಯವರನ್ನು ನೋಡಿದ, ತಂಗಿಯನ್ನು ನೋಡಿದ, ಕೊನೆಗೆ ತನ್ನ ಬಲಗೈ ನೋಡಿಕೊಂಡ.

“ನನ್ನ ಕೈ ಮೇಲೆ, ಕುಪ್ಪಜ್ಜ. ಇದು ನಡುಗ್ತದೆ. ಇದು ನಡುಗದೇ ಇದ್ದಿದ್ರೆ ಇಷ್ಟೆಲ್ಲ ಆತಿರ್ಲಿಲ್ಲ.”

ಕುಪ್ಪಜ್ಜ ಬಹಳ ಹೊತ್ತು ಯೋಚಿಸಿದ. ಕೈ ಮೇಲಿನ ದೂರು ಅವನ ಕಾಲದಲ್ಲಿ ಬಂದಿರಲಿಲ್ಲ. “ಕಳಕಂಡವನೂ ನೀನೇ, ಕದ್ದವನೂ ನೀನೇ. ಕಟ್ಟಳೆಗೆ ಅಡ್ಡಿಲ್ಲ,” ಎಂದು ತೀರ್ಮಾನಿಸಿ, ಗಂಟನ್ನು ಕಲ್ಲಿನ ಮುಂದೆ ಇರಿಸಿ, ಅಡಿಕೆ ಹೂವಿನ ಸಿಂಗಾರದ ಎಸಳು ಕಲ್ಲಿಗೆ ಅಂಟಿಸಿ ಪ್ರಸಾದ ಕೇಳಿದ. ಬಲಗಡೆಯ ಎಸಳು ಬಿತ್ತು. ಜಟ್ಟಿಗನೂ ಒಪ್ಪಿದ. ಭಾಸ್ಕರ ತನ್ನ ಬಲಗೈಗೆ ಎಡಗೈಯಿಂದ ಒಂದು ಹೊಡೆದ. ಕುಪ್ಪಜ್ಜ ಗಂಟು ಬಿಚ್ಚಿ ಕಾಯಿ ಒಡೆದು ಎಲ್ಲರಿಗೂ ಹೋಳು ಕೊಟ್ಟ.

ಬೀರಪ್ಪ ಹೋಳು ಕೈಯಲ್ಲಿ ಹಿಡಿದು ನಿಂತೇ ಇದ್ದ.

“ಹಂಗಾದ್ರೆ ಇಷ್ಟು ದಿನ ಹುಯ್ಲು ಇರ್ಲೇ ಇಲ್ವಾ?”

“ಇರ್ಲಿಲ್ಲ,” ಎಂದ ಕುಪ್ಪಜ್ಜ.

ಕಾಯಿ ಅಗಿಯುತ್ತಿದ್ದ ಬಾಯಿಗಳೆಲ್ಲ ಅಲ್ಲಲ್ಲೇ ನಿಂತವು. ಹಿಂದೆ ಕೊಟ್ಟದ್ದನ್ನು ಈಗ ವಾಪಸ್ ಕೇಳಿದರೆ ತೆಗೆದುಕೊಂಡಿದ್ದನ್ನು ಒಪ್ಪಿಕೊಂಡ ಹಾಗೆ. ಬೇಲಿ ಮತ್ತೆ ಮುಂದೆ ಬರುವಂತಿಲ್ಲ. ನೀರು ನಿಲ್ಲುವಂತಿಲ್ಲ. ವೆಂಕಟ ನಾಗಿಯನ್ನು ನೋಡಿದ. ನಾಗಿ ಬೀರಪ್ಪನನ್ನು ನೋಡಿದಳು. ಇವರು ಏನು ಮಾಡಿಕೊಂಡಿದ್ದರು ಎಂದು ಪ್ರತಿಯೊಬ್ಬರೂ ಇನ್ನೊಬ್ಬರ ಬಗ್ಗೆ ಯೋಚಿಸುತ್ತಿದ್ದುದು ಮುಖದ ಮೇಲೇ ಬರೆದಿತ್ತು. ಮರುದಿನ ಊಟಕ್ಕೆ ಬರದೇ ಇದ್ದವನ ಮೇಲೆ ಎಲ್ಲರ ಅನುಮಾನ ಬೀಳುತ್ತದೆ ಎಂಬುದಂತೂ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಉಪವಾಸ ಮುಗಿಯಿತು, ಹೊಟ್ಟೆ ಸರಿಯಾಯಿತು, ಉಳುಕಿದ ಕಾಲು ನೆಟ್ಟಗಾಯಿತು.

ಮರುದಿನ ಆಯ್ತಾರ ಈರಪ್ಪನವರು ಮಗನನ್ನೂ ನೆಂಟರನ್ನೂ ಕರೆದುಕೊಂಡು ಟೆಂಪೋದಲ್ಲಿ ಬಂದರು. ಬಿಳಿ ಮೀಸೆ, ಬಿಗಿದ ಬಾಯಿ. ಮನೆಗೆ ಕಾಲಿಡುವ ಮೊದಲೇ ಕೇರಿ ವಿಚಾರಿಸಲು ಹೊರಟರು. ನನ್ನ ಜಗಲಿ ಎದುರಿಗೇ ಇದ್ದುದರಿಂದ ನಾನೂ ಕೇಳುತ್ತಿದ್ದೆ.

“ಮನೆ ಹ್ಯಾಂಗೆ?” ಎಂದು ವೆಂಕಟನನ್ನು ಕೇಳಿದರು.

“ಅಂಥ ಮನೆ ಇಲ್ಲ, ಒಡೆಯಾ. ನೀರಿನಂಥ ಜನ. ನೀರಿಗೆ ಇಲ್ಲಿ ಎಂತ ತೊಂದ್ರೆ ಇಲ್ಲ. ಯಾವಾಗ್ಲೂ ಇರ್ಲಿಲ್ಲ.”

ನಾಗಿಯನ್ನು ಕೇಳಿದರು. “ಅವ್ರ ಮನೆಗೆ ಹಳೇ ಮೀನು ಕೊಟ್ಟವ್ರು ಉದ್ಧಾರ ಆಗೂದಿಲ್ಲ,” ಎಂದಳು.

ಬೀರಪ್ಪನ ಹತ್ತಿರ ಬಂದರು. ಅವರು ಬಾಯಿ ತೆರೆಯುವ ಮುನ್ನ ಬೀರಪ್ಪನೇ ಹೇಳಿದ, “ನಮ್ಮ ಅವರ ನಡುವೆ ಬೇಲಿ ಜಗಳ ಇಲ್ಲ.”

“ನಾನು ಬೇಲಿ ಕೇಳ್ಲೇ ಇಲ್ಲವಲ್ಲ?”

“ಕೇಳಿದ್ರೆ ಹೇಳೂಕೆ ಇರ್ಲಿ ಅಂತ.”

ಈರಪ್ಪನವರ ಮುಖ ಇನ್ನೂ ಬಿಗಿಯಿತು. ಒಳಗೆ ಬಂದು ಚಾಪೆಯ ಮೇಲೆ ಕುಳಿತವರು ಎಲೆ-ಅಡಿಕೆಯ ತಟ್ಟೆಯನ್ನು ಮುಟ್ಟಲಿಲ್ಲ. “ಭಾಸ್ಕರ, ನಾನು ಹತ್ತೂರಲ್ಲಿ ಸಂಬಂಧ ಕಂಡವ. ಒಂದು ಕೇರಿ ಅಂದ್ರೆ ಕಡೆಗೆ ಒಬ್ಬನಾದ್ರೂ ಚಾಡಿ ಹೇಳ್ತಾನೆ. ಇಲ್ಲಿ ಒಬ್ನೂ ಹೇಳೂದಿಲ್ಲ. ಕೇರಿಗೆ ಎಂತ ಮಾಡಿ ಇಟ್ಟಿದ್ದೀರಿ? ಫೋಟೋದಲ್ಲಿ ಮುಖ ಕಾಣೂದಿಲ್ಲ, ಜನರ ಬಾಯಲ್ಲಿ ತಪ್ಪು ಕಾಣೂದಿಲ್ಲ. ನಂಗೆ ಇದು ಸರಿ ಕಾಣೂದಿಲ್ಲ.”

ಭಾಸ್ಕರ ಬಾಯಿ ತೆರೆದ. ಶಟರ್ ಸ್ಪೀಡಿನಿಂದ ಶುರು ಮಾಡಿದರೆ ಮುಗಿಯುವುದಿಲ್ಲ, ಹುಯಿಲಿನಿಂದ ಶುರು ಮಾಡಿದರೆ ಸಂಬಂಧ ಉಳಿಯುವುದಿಲ್ಲ. ಬಾಯಿ ಮುಚ್ಚಿದ. ಹೊರಗೆ ಟೆಂಪೋದವನು, ಎಷ್ಟೊತ್ತಿಗೂ ಬೇಕಾದೀತೆಂದು, ಗಾಡಿ ಆಗಲೇ ತಿರುಗಿಸಿ ನಿಲ್ಲಿಸಿದ್ದ.

ಆಗ ಕಲ್ಪನಾ ಚಾ ತಟ್ಟೆ ಹಿಡಿದು ಬಂದಳು. ತಲೆ ತಗ್ಗಿಸಿ ಬರಬೇಕಿತ್ತು, ತಗ್ಗಿಸಲಿಲ್ಲ. ಈರಪ್ಪನವರ ಮುಂದೆ ತಟ್ಟೆ ಇಳಿಸಿ, ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕುಳಿತಳು.

“ಕಾಣಿ ಮಾವ. ಮೂಗು ಒಂದೇ. ಬೇಕಿದ್ರೆ ಆಚೆ ಬದಿಯಿಂದ್ಲೂ ಕಾಣಿ. ನನ್ನ ಅಣ್ಣನಿಗೆ ಫೋಟೋ ತೆಗಿಯೂಕೆ ಬರೂದಿಲ್ಲ. ಈ ಮನೆಲಿ ಮುಚ್ಚಿಡೂದು ಅಂತ ಇದ್ದದ್ದು ಅದೊಂದೇ.”

ಹುಡುಗನಿಗೆ ಕುಡಿದ ಚಾ ನೆತ್ತಿಗೇರಿ ಕೆಮ್ಮು ಬಂತು. ಈರಪ್ಪನವರು ಮಗನನ್ನು ಒಮ್ಮೆ ನೋಡಿದರು, ಹುಡುಗಿಯನ್ನು ಒಮ್ಮೆ ನೋಡಿದರು. ಮೀಸೆಯ ಒಂದು ತುದಿ ಅಲುಗಿತು.

“ಆತು,” ಎಂದು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಎಲೆ ಹಾಕೂಕೆ ಹೇಳಿ.”

ಊಟಕ್ಕೆ ಕೇರಿಗೆ ಕೇರಿಯೇ ಕೂತಿತು. ಹಾಕಿದ್ದನ್ನು ಯಾರೂ ಬೇಡ ಎನ್ನಲಿಲ್ಲ, ಬೇಡ ಎಂದರೆ ಏನು ತಿಳಿಯುತ್ತಾರೋ ಎಂದು.

ಊಟವಾದ ಮೇಲೆ ಭಾಸ್ಕರ ಸ್ಟ್ಯಾಂಡು ಹೊರಗೆ ತಂದ. ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಲೆನ್ಸಿನಲ್ಲಿ ಕಣ್ಣಿಟ್ಟರೆ ಈರಪ್ಪನವರ ಮೀಸೆ ಮಾತ್ರ ಕಂಡಿತಂತೆ. ಗಿಡ್ಡ ಲೆನ್ಸು ಭಟ್ಕಳದಲ್ಲಿ ಹೋಗಿತ್ತು. ಹಿಂದೆ ಸರಿದ. ಈರಪ್ಪನವರು ಪೂರ್ತಿ ಬಂದರು, ಬೇರೆ ಯಾರೂ ಬರಲಿಲ್ಲ. ಇನ್ನೂ ಹಿಂದೆ ಸರಿದ. ಕೊಟ್ಟಿಗೆ ದಾಟಿ, ಹುಲ್ಲಿನ ಕುತ್ರೆ ದಾಟಿ, ಗದ್ದೆಗೆ ಇಳಿದ. “ಇಷ್ಟು ದೂರದಿಂದ ಅಂವ ನಮ್ಮನ್ನು ಯಾಕೆ ಕಾಣ್ತಾನೆ?” ಎಂದು ಗಂಡಿನ ಕಡೆಯ ಒಬ್ಬಳು ಮುದುಕಿ ಕೇಳಿದಳು. ಕೊನೆಗೆ ಎಲ್ಲರೂ ಒಟ್ಟಿಗೆ ಸಿಕ್ಕಿದಾಗ ಭಾಸ್ಕರ ನಮಗೆ ಒಂದು ಬೆರಳಿನಷ್ಟು ಕಾಣುತ್ತಿದ್ದ.

ಅಲ್ಲಿ ಅವನು ಬಗ್ಗಿ, ಸ್ಟ್ಯಾಂಡಿನ ಹೊಟ್ಟೆಯ ಕೆಳಗೆ ಏನನ್ನೋ ತೂಗಿಸಿದ. ಸಿಮೆಂಟಿನ ಬಿಳಿ ಚೀಲದಲ್ಲಿ ಹೊಳೆಯ ಮರಳು ಹೊಯಿಗೆ, ಅಷ್ಟೇ. ಬೆಳಿಗ್ಗೆಯೇ ಎಲ್ಲರಿಗೂ ತೋರಿಸಿದ್ದ. ಆದರೆ ಅಷ್ಟು ದೂರಕ್ಕೆ ಬಣ್ಣ ಯಾರಿಗೆ ಕಾಣುತ್ತದೆ. ತೂಗಿಸಿದ, ಹಿಂದೆ ಸರಿದ, ಎರಡೂ ಕೈ ಎದೆಗೆ ಜೋಡಿಸಿ ಕಣ್ಣು ಮುಚ್ಚಿದ.

ಅಂಗಳದಲ್ಲಿ ಯಾರೂ ಉಸಿರಾಡಲಿಲ್ಲ.

ರೋಲು ತೊಳೆದು ಬಂತು. ಹದ್ದಿನ ಫೋಟೋಗಳಲ್ಲಿ ಗೂಡಿನ ಕಡ್ಡಿ ಕಡ್ಡಿ ಎಣಿಸುವಂತಿತ್ತು, ಹದ್ದು ಒಂದರಲ್ಲೂ ಇರಲಿಲ್ಲ. ಕೊನೆಯದು ನಮ್ಮೆಲ್ಲರ ಫೋಟೋ. ಶ್ರೀಕೃಷ್ಣ ಅದನ್ನು ದೊಡ್ಡದು ಮಾಡಿ, ಒಂದು ಪ್ರತಿಯನ್ನು ಅಲ್ಲೇ ಈರಪ್ಪನವರ ಮನೆಗೆ ಮುಟ್ಟಿಸಿ, ಇನ್ನೊಂದನ್ನು ಭಾಸ್ಕರನಿಗೆ ಕೊಟ್ಟ. ನಾನೂ ನೋಡಿದೆ. ಅಂಥ ಸ್ಪಷ್ಟ ಫೋಟೋ ನಮ್ಮ ಕೇರಿಯಲ್ಲಿ ಹಿಂದೆ ಯಾರೂ ತೆಗೆದಿಲ್ಲ. ಬೀರಪ್ಪನ ಹುಬ್ಬಿನ ಕೂದಲು, ನಾಗಿಯ ಮೂಗುಬೊಟ್ಟಿನ ಕಲ್ಲು, ವೆಂಕಟನ ಅಂಗಿಯ ತೇಪೆ, ಒಂದೂ ಅಲುಗಿರಲಿಲ್ಲ. ಕಲ್ಪನಾ ಮತ್ತು ಹುಡುಗ ನೆಟ್ಟಗೆ ಮುಂದೆ ನೋಡಿ ನಗುತ್ತಿದ್ದರು. ಉಳಿದವರಲ್ಲಿ ಒಬ್ಬನೂ ಕ್ಯಾಮೆರಾ ನೋಡುತ್ತಿರಲಿಲ್ಲ. ಬೀರಪ್ಪನ ಓರೆಗಣ್ಣು ವೆಂಕಟನ ಮೇಲೆ, ವೆಂಕಟನದು ನಾಗಿಯ ಮೇಲೆ, ನಾಗಿಯದು ಬೀರಪ್ಪನ ಮೇಲೆ. ಹಿಂದಿನ ಸಾಲಿನವರೂ ಹಾಗೆಯೇ. ನಾನು ಯಾರನ್ನು ನೋಡುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಎರಡು ದಿನ ಬಿಟ್ಟು ಭಾಸ್ಕರನ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಹೊನ್ನಾವರದಿಂದ ಫೋನು ಬಂತು. ಸಂಬಂಧ ಮುರಿಯಿತೆಂದೇ ತಿಳಿದು ಭಾಸ್ಕರ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಾನು ವಾಚಿಗೆ ಸೆಲ್ಲು ಹಾಕಿಸಲು ಹೋಗಿದ್ದವಳು ಪಕ್ಕದಲ್ಲೇ ನಿಂತಿದ್ದೆ. ಈರಪ್ಪನವರ ದನಿ ಹೊರಗೂ ಕೇಳುತ್ತಿತ್ತು.

“ಫೋಟೋ ಬಂತು. ಎಡಗಡೆ ಕಡೆಗೆ ಕಳ್ಳಗಣ್ಣು ಮಾಡಿ ನಿಂತವ ಯಾರು, ದಪ್ಪ ಹುಬ್ಬಿನವ, ಅವತ್ತು ಬೇಲಿ ಮಾತು ಎತ್ತಿದವ?”

“ಅಂವ ಬೀರಣ್ಣ. ನಮ್ಮ ಪಕ್ಕದ ಮನೆ.”

“ಅಂವ ನಿಮ್ಮದು ಎಂತ ಕದ್ದಿದ್ದಾನೆ?”

“ಎಂತ ಇಲ್ಲ, ಮಾವ. ದೇವರಾಣೆ.”

ಆ ಕಡೆ ಕಾಗದ ಸರಿದ ಸದ್ದಾಯಿತು. ಫೋಟೋವನ್ನು ಮತ್ತೆ ಬೆಳಕಿಗೆ ಹಿಡಿದು ನೋಡುತ್ತಿದ್ದಿರಬೇಕು.

“ಹಂಗಾದ್ರೆ ನೀವೇ ಅವನದ್ದು ಎಂತೋ ಕದ್ದಿರ್ಬೇಕು. ಇರ್ಲಿ, ಈಗ ಸಂಬಂಧ ಆಗಿ ಹೋಯ್ತಲ್ಲ. ಮದುವೆ ದಿನ ನಿಮ್ಮಿಬ್ಬರನ್ನೂ ಬೇರೆ ಬೇರೆ ಪಂಕ್ತಿಗೆ ಕೂರಿಸ್ವ.”